ಕಲ್ಯಾಣಮ್ಮನ ತಟ್ಟೆ

ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯ ಮನೆಗೆ ಬಂದವರು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಅದ್ಯಾವ್ದು ಆ ತಟ್ಟೆ?"

ತಪ್ಪು ಅವರದಲ್ಲ. ನಮ್ಮ ಅಡುಗೆಮನೆಯ ಹಲಗೆಯ ಮೇಲಿರುವುದೆಲ್ಲ ಸ್ಟೀಲು. ಒಂದೊಂದರ ಅಂಚಿನಲ್ಲೂ ಅಮ್ಮನ ಹೆಸರೋ ಮದುವೆಗೆ ಉಡುಗೊರೆ ಕೊಟ್ಟವರ ಹೆಸರೋ ಇದೆ. ರಾಬರ್ಟ್‌ಸನ್‌ಪೇಟೆಯ ಪಾತ್ರೆ ಅಂಗಡಿಯವನು ಗಿರ್ರೆನ್ನುವ ಮೆಷೀನಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದುಕೊಟ್ಟದ್ದು. ಆ ಹೆಸರುವಾಸಿಗಳ ನಡುವೆ ಹೆಸರಿಲ್ಲದ ಒಂದು ಪಿಂಗಾಣಿ ತಟ್ಟೆ. ಬಿಳಿ ಮೈ, ನಟ್ಟನಡುವೆ ನೀಲಿ ಮೀನು, ಅಂಚಿನಲ್ಲಿ ಒಂದು ಚೂರು ಹಾರಿದೆ. ಮೀನಿನ ಮೇಲೆ ಸದಾ ಒಂದು ಹಿಡಿ ಕಲ್ಲುಸಕ್ಕರೆ.

"ಅದು ನಮ್ದಲ್ಲ," ಅನ್ನುತ್ತಾಳೆ ಅಮ್ಮ. "ವಾಪಸ್ ಕೊಡ್ಬೇಕು. ಕಲ್ಯಾಣಮ್ಮನ್ದು."

"ಯಾವೂರ್ ಕಲ್ಯಾಣಮ್ಮ? ಬೂದಿಕೋಟೆನಾ?"

ಅಮ್ಮ ನನ್ನ ಮುಖ ನೋಡುತ್ತಾಳೆ. ಗ್ರೀಸ್ ದೇಶದ ಒಂದು ದ್ವೀಪದವರು ಎಂದು ನಾನು ಹೇಳಬೇಕು, ಬಂದವರು ನಗಬೇಕು, ಅಮ್ಮ ಕೋಪಿಸಿಕೊಳ್ಳಬೇಕು. ನಮ್ಮನೆಯಲ್ಲಿ ಇದು ಒಂದು ಕ್ರಮವಾಗಿಬಿಟ್ಟಿದೆ. ನೀವು ಹೇಗೂ ಓದಲು ಕೂತಿದ್ದೀರಿ, ಎದ್ದುಹೋಗುವ ಆತುರ ಇಲ್ಲ ಅಂದುಕೊಳ್ಳುತ್ತೇನೆ. ನಿಮಗೆ ಪೂರ್ತಿ ಹೇಳಿಬಿಡುತ್ತೇನೆ.

ಮೊದಲು ನನ್ನ ಪರಿಚಯ. ನಾನು ಚರ್ಚಾಸ್ಪರ್ಧೆಯವಳು. ಕೆ.ಜಿ.ಎಫ್.ನ ಕಾಲೇಜಿನ ಅಲುಗಾಡುವ ವೇದಿಕೆಯಲ್ಲಿ ಅಂಟಿದ ಚಟ. ಈಗ ಶಾಲೆಯ ಮಕ್ಕಳಿಗೆ ವಾದ ಮಾಡುವುದನ್ನು ಕಲಿಸಿ ಹೊಟ್ಟೆ ಹೊರೆಯುತ್ತೇನೆ. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಊರಿನಲ್ಲಿ ಇಂಥವರನ್ನು ಎರಡು ನಾಲಿಗೆಯವರು ಎನ್ನುತ್ತಾರೆ. ವೇದಿಕೆಯ ಮೇಲೆ ಇದಕ್ಕೇ ಟ್ರೋಫಿ ಕೊಡುತ್ತಾರೆ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೂ ಎಲ್ಲೋ ಕೆಲಸವಿರುತ್ತದೆ ಎನ್ನುವವಳು ನಾನು. ರಾಹುಕಾಲದಲ್ಲೇ ಹೊರಟು, ಬಸ್ಸು ಸಿಕ್ಕರೆ ಮನೆಗೆ ಫೋನ್ ಮಾಡಿ ತಿಳಿಸುವವಳು. ಆಟೋದ ಮುಂದೆ ಕಟ್ಟಿದ ನಿಂಬೆಹಣ್ಣು-ಮೆಣಸಿನಕಾಯಿ ನೋಡಿ ಡ್ರೈವರನ ಜೊತೆ ವಾದಕ್ಕಿಳಿದು, ಉರಿಗಾಂ ದಾಟುವ ಮೊದಲೇ ಇಳಿಸಲ್ಪಟ್ಟವಳೂ ನಾನೇ.

ಇಷ್ಟು ಹೇಳಿ ಒಂದನ್ನು ಮುಚ್ಚಿಟ್ಟರೆ ಎದುರು ತಂಡದವರು ಎದ್ದು ನಿಲ್ಲುತ್ತಾರೆ. ವೇದಿಕೆ ಹತ್ತುವ ಮುಂಚೆ ನನ್ನ ಬಾಯಲ್ಲಿ ಒಂದು ಚೂರು ಕಲ್ಲುಸಕ್ಕರೆ ಇರಲೇಬೇಕು. ರಾಬರ್ಟ್‌ಸನ್‌ಪೇಟೆ ಬಸ್‌ಸ್ಟ್ಯಾಂಡ್ ಹತ್ತಿರದ ಒಂದೇ ಒಂದು ಗ್ರಂಧಿಗೆ ಅಂಗಡಿಯದು, ದಾರಕ್ಕೆ ಕಟ್ಟಿದ ಹರಳೇ ಆಗಬೇಕು.

"ಅದು ಮೂಢನಂಬಿಕೆ ಅಲ್ವಾ?" ಎಂದು ಅಮ್ಮ ಚುಚ್ಚುತ್ತಾಳೆ.

"ಗಂಟಲಿಗಮ್ಮ. ವೈಜ್ಞಾನಿಕ."

"ಪಕ್ಕದಂಗ್ಡೀದು ಗಂಟ್ಲಲ್ಲಿ ಇಳಿಯಲ್ವಾ?"

ಮುಂದಿನ ವಿಷಯಕ್ಕೆ ಹೋಗೋಣ.

ನಮ್ಮ ಅಜ್ಜಿಯ ಮನೆ, ಅಂದರೆ ಅಮ್ಮನ ತವರು, ಉರಿಗಾಂನ ಗಣಿ ಕಾರ್ಮಿಕರ ಲೈನಿನಲ್ಲಿತ್ತು. ಒಂದು ಮನೆಯಲ್ಲಿ ಸೀನಿದರೆ ನಾಲ್ಕು ಮನೆಯಾಚೆ 'ನೂರು ವರ್ಷ' ಅನ್ನುವಷ್ಟು ಹತ್ತಿರದ ಮನೆಗಳು. ನಡುವಿನ ಮೋಟುಗೋಡೆಯ ಮೇಲೆ ಬಟ್ಟಲುಗಳು ಓಡಾಡುತ್ತಿದ್ದವು. ಪಕ್ಕದ ಸೆಲ್ವಿ ಅತ್ತೆ ಮೀನಿನ ಸಾರು ಕೊಟ್ಟರೆ ಬಟ್ಟಲು ನಮ್ಮ ಹುಳಿಯನ್ನವನ್ನು ಹೊತ್ತು ಹಿಂದಿರುಗುತ್ತಿತ್ತು. ಕ್ರಿಸ್‌ಮಸ್‌ಗೆ ಅವರು ಕರಿದ ಸಿಹಿ ಕಲ್‌ಕಲ್ ಕೊಟ್ಟರೆ ಸಂಕ್ರಾಂತಿಗೆ ಎಳ್ಳು. ಮನೆಯಲ್ಲಿ ಏನೂ ಇಲ್ಲದ ದಿನ ಅಜ್ಜಿ ಡಬ್ಬಿಯ ತಳ ಕೆರೆದು ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿಯೇ ಬಟ್ಟಲು ಕೊಡುತ್ತಿದ್ದಳು. ಬರಿದು ಕೊಡಬಾರದು, ಅಷ್ಟೇ. ಯಾಕೆ ಅಂತಿಲ್ಲ.

ನಾನು ಆಗಿನ್ನೂ ಮೊಣಕಾಲಿನ ಗಾಯ ಒಣಗದ ವಯಸ್ಸಿನವಳು. ಆದರೂ ಲೆಕ್ಕ ಹಾಕಿ ಕೇಳಿದ್ದೆ: "ಅಜ್ಜೀ, ಅವ್ರೂ ಬರಿದು ಕೊಡಲ್ಲ, ನೀನೂ ಕೊಡಲ್ಲ. ಮತ್ತೆ ಇದು ಮುಗಿಯೋದ್ಯಾವಾಗ?"

"ಮುಗೀಬೇಕು ಅಂತ ಯಾವನ್ಲಾ ಏಳ್ದೋನು ನಿಂಗೆ?" ಅಂದಿದ್ದಳು ಅಜ್ಜಿ. ಹುಡುಗಿಯಾದ ನನ್ನನ್ನು ಕೋಪ ಬಂದಾಗ ಅವಳು ಹುಡುಗನ ಹಾಗೆಯೇ ಕರೆಯುತ್ತಿದ್ದದ್ದು. "ಓಗು, ಬಟ್ಲು ಕೊಟ್ಬಾ."

ಇದು ಉತ್ತರವಲ್ಲ, ಹಾರಿಕೆ ಎಂದು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಬಟ್ಟಲು ಕೊಟ್ಟು ಬಂದಿದ್ದೆ.

ಹೋದ ಬೇಸಿಗೆಯಲ್ಲಿ ಅಥೆನ್ಸಿನಲ್ಲಿ ಒಂದು ಶಾಲಾ ಚರ್ಚಾಸ್ಪರ್ಧೆಗೆ ತೀರ್ಪುಗಾರ್ತಿಯಾಗಿ ಕರೆದರು. ನನ್ನ ಟಿಕೆಟ್ ಅವರದು. ಅಮ್ಮನ ಟಿಕೆಟ್ಟಿಗೆ ನಾನೇ ಕೂಡಿಟ್ಟಿದ್ದೆ. ಅಮ್ಮನ ಪಾಸ್‌ಪೋರ್ಟ್ ವಾದಕ್ಕೆ ಬಿದ್ದು ಮಾಡಿಸಿದ್ದು. "ಬೆಂಗ್ಳೂರಲ್ಲೇ ಒಂದ್ ರಾತ್ರಿ ನಿಲ್ಲಲ್ಲ ನಿಮ್ಮಮ್ಮ, ಹಾಲು ಕರ್ಯೋ ಒತ್ತಿಗೆ ರೈಲು ಇಡೀತಾಳೆ, ಅವ್ಳಿಗ್ಯಾಕೆ ಪಾಸ್‌ಪೋರ್ಟು?" ಎಂದು ಅಪ್ಪ ಅಂದಿದ್ದರು. ಆ ಒಂದು ಮಾತಿಗೆ ಅಮ್ಮ ಮಾರನೆಯ ದಿನವೇ ಫೋಟೋ ತೆಗೆಸಿಕೊಂಡು ಬಂದಿದ್ದಳು. ನಮ್ಮ ಸೀಮೆ ಹಸು ರಾಣಿ ಅಮ್ಮನ ಕೈಗೆ ಬಿಟ್ಟು ಬೇರೆಯವರಿಗೆ ಹಾಲು ಕೊಡುವುದಿಲ್ಲ. ಡೈರಿಗೆ ಕ್ಯಾನ್ ಹೊರುವುದಷ್ಟೇ ಅಪ್ಪನ ಕೆಲಸವಾಗಿತ್ತು. ಪಾಸ್‌ಪೋರ್ಟು ಬಂದದ್ದೇ ಅಪ್ಪ ಹಾಲು ಕರೆಯುವುದನ್ನು ಕಲಿಯಬೇಕಾಯಿತು.

ಅಥೆನ್ಸಿನ ಕೆಲಸ ಮುಗಿದ ಮೇಲೆ ಒಂದು ವಾರ ಎಲ್ಲಿಗಾದರೂ ಹೋಗೋಣ ಎಂದಾಗ ಅಮ್ಮ ಹೇಳಿದ್ದು ಇಷ್ಟು: "ಜನ ಕಮ್ಮಿ ಇರ್ಬೇಕು, ದೇವಸ್ಥಾನ ಇರ್ಬೇಕು, ಸೊಪ್ಪು ಸಿಗ್ಬೇಕು." ಹೀಗಾಗಿ ಆ ದ್ವೀಪ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವೆಲ್ಲ ಹೋಗಿ ಫೋಟೋ ಹಾಕುತ್ತೀರಿ. ದೋಣಿ ದಿನಾ ಬರುವ ಊರಲ್ಲ ಅಂತಷ್ಟೇ ಹೇಳಬಲ್ಲೆ.

ನಮ್ಮ ಕಡೆಯವರಿಗೆ ನೀರೆಂದರೆ ಕೆರೆ. ಕೆರೆ ಕೋಡಿ ಬಿತ್ತು ಅಂದರೆ ಊರಿಗೆ ಊರೇ ತಿಂಡಿ ಕಟ್ಟಿಕೊಂಡು ನೋಡಲು ಹೋಗುವ ಜನ ನಾವು. ಅಮ್ಮ ದೋಣಿಯ ಕಟಕಟೆ ಹಿಡಿದು ಬಹಳ ಹೊತ್ತು ಸಮುದ್ರ ನೋಡಿದಳು. ಕವಿತೆ ಏನಾದರೂ ಬರಬಹುದೆಂದು ನಾನು ಕಾದೆ.

"ಇಷ್ಟ್ ನೀರು," ಅಂದಳು ಕೊನೆಗೆ, "ಒಂದ್ ಗುಂಟೆಗೂ ಆಯ್ಸಿಲ್ವಲ್ಲೇ!"

"ಉಪ್ಪು ನೀರಮ್ಮ."

"ಅದುಕ್ಕೇ ಮತ್ತೆ ಯಾರೂ ಜಗಳ ಆಡ್ದೆ ಬಿಟ್ಟವ್ರೆ."

ದ್ವೀಪ ಹತ್ತಿರವಾಯಿತು. ಬೋಳು ಗುಡ್ಡ, ಅದರ ನೆತ್ತಿಯಿಂದ ಇಳಿದು ಬಂದ ಬೆಳ್ಳನೆಯ ಮನೆಗಳು. ಪಕ್ಕದಲ್ಲಿದ್ದ ಪ್ರವಾಸಿಗಳೆಲ್ಲ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದರು. ಅಮ್ಮ ನನ್ನ ತೋಳು ಜಗ್ಗಿದಳು. "ನಮ್ ಸೈನೈಡ್ ಗುಡ್ಡುಕ್ಕೆ ಕಿಟ್ಕಿ ಬಾಗ್ಲು ಇಟ್ಟಂಗೈತೆ ಕಣೇ!" ಚಿನ್ನ ತೆಗೆದುಕೊಂಡು ಉಳಿದ ಮಣ್ಣನ್ನು ಗಣಿಯವರು ನಮ್ಮೂರಲ್ಲಿ ಸುರಿದು ಸುರಿದು ಆದ ಬಿಳಿಗುಡ್ಡಗಳವು. ಹೋಲಿಕೆ ತಪ್ಪು ಎಂದು ವಾದಿಸಲು ಬಾಯಿ ತೆರೆದೆ. ಇನ್ನೊಮ್ಮೆ ನೋಡಿದೆ. ಮುಚ್ಚಿದೆ.

ಮೇಲಿನ ಊರಿಗೆ ಗಾಡಿ ಹೋಗುವುದಿಲ್ಲ. ಬರೀ ಮೆಟ್ಟಿಲು. ನಮ್ಮ ಚೀಲಗಳನ್ನು ಒಂದು ಹೇಸರಗತ್ತೆ ಹೊತ್ತು ತಂದಿತು. ಕೋಣೆಯ ಯಜಮಾನ ಕೀಲಿ ಕೊಟ್ಟು ಮಲಗಲು ಹೋದ. ಮಧ್ಯಾಹ್ನ ಆಯಿತೆಂದರೆ ಅಲ್ಲಿ ಇಡೀ ಊರು ಮಲಗುತ್ತದೆ: ಅಂಗಡಿ, ನಾಯಿ, ಕಿಟಕಿಗಳು ಎಲ್ಲವೂ. ಸದ್ದಿಲ್ಲದ ಊರು ನನಗೆ ಹೊಸದಲ್ಲ. ನಮ್ಮಲ್ಲಿ ಮುಚ್ಚಿಹೋದ ಮೈಸೂರು ಮೈನ್ಸ್ ಗಣಿಯ ಕಡೆ ನಡೆದು ನೋಡಿ, ಗಾಳಿಯೂ ಕೆಲಸ ಬಿಟ್ಟಂತಿರುತ್ತದೆ. ಗಣಿಯ ಸೈರನ್ ನಿಂತು ಎಷ್ಟೋ ಕಾಲವಾದ ಮೇಲೂ ಅಜ್ಜಿ ಪಾಳಿ ಬದಲಾಗುವ ಹೊತ್ತಿಗೆ ಒಮ್ಮೆ ಕಿವಿ ಎತ್ತುತ್ತಿದ್ದಳು. ಅದು ನಿಂತುಹೋದದ್ದರ ಸದ್ದಿಲ್ಲದಿರುವಿಕೆ. ದ್ವೀಪದ್ದು ಹಾಗಲ್ಲ, ಹೊಟ್ಟೆ ತುಂಬಿದವರು ಮಗ್ಗುಲು ಬದಲಿಸುವಂಥದ್ದು. ಸಂಜೆಯಾದರೆ ಎದ್ದೇಳುತ್ತದೆ ಎಂಬ ಧೈರ್ಯ ಅದರಲ್ಲಿತ್ತು.

ಸಂಜೆ ಎದ್ದೇ ಎದ್ದಿತು. ನಮ್ಮ ಬಾಗಿಲ ಮುಂದೆ ಕಪ್ಪು ಲಂಗ, ಕಪ್ಪು ಶಾಲಿನ ಒಬ್ಬ ಮುದುಕಿ. ಎದುರು ಮನೆಯವರು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಎದೆ ಮುಟ್ಟಿ, "ಕಲ್ಲಿಯೋಪಿ" ಅಂದರು.

"ಕಲ್ಯಾಣಮ್ಮಾ, ಒಳೀಕ್ ಬನ್ನಿ," ಅಂದಳು ಅಮ್ಮ. ತಿದ್ದಲು ಹೋದೆ, ಆದರೆ ಅವರು ಆ ಹೆಸರಿಗೇ ಓಗೊಟ್ಟು ಒಳಗೆ ಬಂದೇಬಿಟ್ಟರು. ವಾದಕ್ಕೆ ಜಾಗವೇ ಉಳಿಯಲಿಲ್ಲ.

ಕೆ.ಜಿ.ಎಫ್. ಸೀಮೆಯವರಿಗೆ ಒಂದು ದೃಢ ನಂಬಿಕೆ ಇದೆ: ಮೂರು ಭಾಷೆಯಲ್ಲಿ ಯಾವುದಾದರೂ ಒಂದು ಎಲ್ಲರಿಗೂ ಬಂದೇ ಬರುತ್ತದೆ. ಅಮ್ಮ ಕ್ರಮವಾಗಿ ಶುರುಮಾಡಿದಳು. "ಕನ್ನಡ ಬತ್ತದಾ?" ಇಲ್ಲ. "ತೆಲುಗು ವಸ್ತಾದಾ?" ಇಲ್ಲ. "ತಮಿಳ್ ತೆರಿಯುಮಾ?"

ಕಲ್ಯಾಣಮ್ಮ ಗದ್ದವನ್ನು ಚೂರು ಮೇಲೆತ್ತಿ, ಹುಬ್ಬೇರಿಸಿ, ನಾಲಿಗೆಯಿಂದ ಸದ್ದು ಮಾಡಿದರು: "ತ್ಚ್."

ಅಮ್ಮ ನನ್ನತ್ತ ತಿರುಗಿದಳು. ಮುಖ ಊರಗಲ. "ನೋಡ್ದಾ? ಬರಲ್ಲ ಅಂದ್ಲು! ನಮ್ ಭಾಷೇಲೇ ಅಂದ್ಲು!"

ನಿಜ ಹೇಳಬೇಕೆಂದರೆ, ಅದು ಕೋಲಾರದ 'ತ್ಚ್' ಆಗಿಯೇ ಇತ್ತು. 'ಇಲ್ಲ ಕಣಮ್ಮ' ಅನ್ನುವುದನ್ನು ಒಂದೇ ಏಟಿಗೆ ಮುಗಿಸುವ ಅದೇ ಸದ್ದು.

ತಟ್ಟೆಯಲ್ಲಿದ್ದದ್ದು ಎಳ್ಳು, ಜೇನು ಬೆರೆಸಿ ಬಿಲ್ಲೆ ಕತ್ತರಿಸಿದ ಮಿಠಾಯಿ. "ಎಳ್ಳುಂಡೇನ ತಟ್ಟಿ ಚಪ್ಪಟೆ ಮಾಡವ್ರೆ," ಎಂದು ಅಮ್ಮ ತೀರ್ಪು ಕೊಟ್ಟಳು. ಇಬ್ಬರೂ ತಿಂದು ಮುಗಿಸಿ ತಟ್ಟೆ ತೊಳೆದೆವು. ತೊಳೆದ ಮೇಲೆ ಶುರುವಾಯಿತು.

"ಏನ್ ಆಕ್ ಕೊಡಾಣ?" ಅಮ್ಮ ಚೀಲ ಬಿಚ್ಚತೊಡಗಿದಳು.

"ಏನೂ ಹಾಕಬೇಡಮ್ಮ. ಇದು ಯುರೋಪು. ತೊಳೆದು ಕೊಟ್ಟು ಥ್ಯಾಂಕ್ಸ್ ಹೇಳಿದರೆ ಮುಗೀತು."

"ಬರೀ ತಟ್ಟೆನಾ?"

"ಬರೀ ತಟ್ಟೆನೇ. ಏನಾಗತ್ತೆ? ನಾನು ಕೊಟ್ಟು ಬರ್ತೀನಿ, ನೀನು ಕಿಟಕೀಲಿ ನೋಡು. ಆಕಾಶ ಬೀಳತ್ತಾ ಅಂತ."

ಅಮ್ಮನನ್ನು ಮಾತಿನಲ್ಲಿ ಕಟ್ಟಿಹಾಕಿ ಹೊರಟೆ. ಕಲ್ಯಾಣಮ್ಮ ತಟ್ಟೆ ತಗೊಂಡರು. ನೀಲಿ ಮೀನನ್ನು ನೋಡಿದರು. ತಟ್ಟೆಯನ್ನು ಬೋರಲು ಮಾಡಿ ಹಿಂಬದಿಯನ್ನೂ ನೋಡಿದರು. ಆಮೇಲೆ ನನ್ನ ಮುಖ ನೋಡಿ ಏನೋ ಒಂದು ಮಾತು ಅಂದು ಬಾಗಿಲು ಮುಚ್ಚಿದರು.

"ಏನಂದ್ಲು?" ಅಮ್ಮ ಬಾಗಿಲಲ್ಲೇ ನಿಂತಿದ್ದಳು.

"ಥ್ಯಾಂಕ್ಸ್ ಇರ್ಬೇಕು."

"ನಕ್ಕೊಂಡ್ ಅಂದ್ಲಾ, ಸುಮ್ನೆ ಅಂದ್ಲಾ?"

"...ಸುಮ್ನೆ."

"ಆಯ್ತು ಬಿಡು. ಕೋಲಾರ ಜಿಲ್ಲೆ ಮರ್ಯಾದೆ ಓಯ್ತು."

ಅಪ್ಪನಿಗೆ ಫೋನು ಹೋಯಿತು. "ನಿಮ್ ಮಗ್ಳು ಬರೀ ತಟ್ಟೆ ಕೊಟ್ಬಂದವ್ಳೆ!" ಕೊಟ್ಟಿಗೆಯಿಂದ ಅಪ್ಪನ ದನಿ ಬಂತು: "ರಾಣಿ ನಂಗ್ ಒದ್ದವ್ಳೆ! ಅದ್ ಕೇಳ್ರೇ ಮೊದ್ಲು!"

ಬೆಳಿಗ್ಗೆ ಬಾಗಿಲು ತೆರೆದರೆ ಹೊಸ್ತಿಲ ಮೇಲೆ ಅದೇ ನೀಲಿ ಮೀನಿನ ತಟ್ಟೆ. ಈ ಸಲ ಅದರಲ್ಲಿ ಚೀಸು ತುಂಬಿದ ಬಿಸಿ ಕಡುಬಿನಂಥದ್ದು.

"ನೋಡು ಎಂಥ ಒಳ್ಳೇವ್ಳು," ಎಂದಳು ಅಮ್ಮ, ಅರ್ಧ ಅಳು ಅರ್ಧ ನಗುವಿನಲ್ಲಿ. "ಫೇಲ್ ಮಾಡ್ಲಿಲ್ಲ. ಸಪ್ಲಿಮೆಂಟ್ರಿ ಕೊಟ್ಟವ್ಳೆ."

ಆಮೇಲೆ ತಟ್ಟೆ ನನ್ನ ಕೈಗೆ ಸಿಗಲಿಲ್ಲ. ಕಡಲೆಬೀಜದ ಉಂಡೆ ಹೋಯಿತು, ದ್ರಾಕ್ಷಿ ಬಂತು. ನಿಪ್ಪಟ್ಟು ಹೋಯಿತು, ಬದನೆಕಾಯಿಯ ಪಲ್ಯದಂಥದ್ದು ಬಂತು. ಅಮ್ಮ ದಾರಿಗೆಂದು ಕಟ್ಟಿ ತಂದಿದ್ದ ಚಕ್ಕುಲಿ ಹೋಯಿತು, ಆಡಿನ ಹಾಲಿನ ಮೊಸರು ಬಂತು. ನಮ್ಮೆರಡು ಮನೆಗಳ ಪಕ್ಕದಲ್ಲೇ ಒಂದು ಸಣ್ಣ ಕಾಫಿ ಅಂಗಡಿ. ಅದರ ಮುಂದೆ ಕುರ್ಚಿ ಹಾಕಿಕೊಂಡು ಜಪಮಣಿ ತಿರುಗಿಸುವ ಗಂಡಸರು ನಿದ್ದೆಯ ಹೊತ್ತು ಬಿಟ್ಟರೆ ದಿನವಿಡೀ ಕೂತಿರುತ್ತಿದ್ದರು. ನಮ್ಮೂರ ಡೈರಿ ಮುಂದೆ ಖಾಲಿ ಕ್ಯಾನಿನ ಮೇಲೆ ಕೂರುವವರ ಅಣ್ಣತಮ್ಮಂದಿರೇ ಸರಿ. ತಟ್ಟೆ ಬೀದಿ ದಾಟಿದಾಗೆಲ್ಲ ಅವರ ಮಾತು ನಿಲ್ಲುತ್ತಿತ್ತು. ಮುಚ್ಚಿದ ಬಟ್ಟೆಯ ಉಬ್ಬು ನೋಡಿ ಒಳಗೇನಿದೆ ಎಂದು ಅವರವರಲ್ಲೇ ಚರ್ಚೆ. ಅಂಥ ಸಭೆಯಲ್ಲಿ ಭಾಷೆ ಬಾರದೆ ನಿಂತದ್ದು ನನ್ನ ಜೀವನದ ದೊಡ್ಡ ನಷ್ಟ.

ಒಂದು ಬೆಳಿಗ್ಗೆ ಕಲ್ಯಾಣಮ್ಮ ಕುಡುಗೋಲಿನಂಥ ಚಾಕು ಹಿಡಿದು ಬಂದು ಅಮ್ಮನನ್ನು ಗುಡ್ಡಕ್ಕೆ ಕರೆದೊಯ್ದರು. ಹೋಗುವಾಗ ಅವರ ಬಾಗಿಲಲ್ಲಿದ್ದ ಕುಂಡದ ಗಿಡವನ್ನು ಸವರಿ ಕೈ ಮೂಸಿಕೊಂಡರು. "ತುಳಸಿ!" ಅಮ್ಮ ಚಪ್ಪಲಿ ಬಿಟ್ಟಳು. ಅದು ತುಳಸಿಯ ದಾಯಾದಿ, ತುಳಸಿಯಲ್ಲ ಎಂದೆ. "ದಾಯಾದಿ ಅಂದ್ರೆ ಬೇರೆ ಮನೆಯೋಳಾ?" ಎಂದು ಅಮ್ಮ ಕುಂಡಕ್ಕೆ ಒಂದು ಸುತ್ತು ಬಂದೇ ಮುಂದೆ ನಡೆದಳು. ದಾರಿಯ ತಿರುವಿಗೊಂದು ಪುಟ್ಟ ಪ್ರಾರ್ಥನಾಮಂದಿರ. ಎಲ್ಲದಕ್ಕೂ ಕೈಮುಗಿದಳು. "ಇಷ್ಟೊಂದ್ ದೇವಸ್ಥಾನ, ಒಂದ್ರಲ್ಲೂ ಪ್ರಸಾದ ಇಲ್ಲ," ಎಂಬುದೊಂದೇ ಅವಳ ಆಕ್ಷೇಪ.

ಗುಡ್ಡದ ಮೇಲೆ ಇಬ್ಬರೂ ಬಗ್ಗಿದವರು ಮತ್ತೆ ಎದ್ದದ್ದು ಮಡಿಲು ತುಂಬಿದ ಮೇಲೆಯೇ. ನಮ್ಮ ಹೊಲದ ಬದುವಿನಲ್ಲಿ ಕೈಗೆ ಸಿಕ್ಕ ಹತ್ತು ಜಾತಿ ಸೊಪ್ಪು ಕಿತ್ತು ಬೆರಕೆ ಸೊಪ್ಪು ಎನ್ನುತ್ತೇವಲ್ಲ, ಆ ಕೆಲಸ. ಕಲ್ಲಿನ ಸಂದಿಯಲ್ಲಿ ದಪ್ಪ ಎಲೆಯ ಒಂದು ಬಳ್ಳಿ ಕಂಡು ಅಮ್ಮ ಕೂಗಿಕೊಂಡಳು: "ಗೋಣಿ ಸೊಪ್ಪು ಕಣೇ! ಇಲ್ಲೀಗಂಟ ಬಂದ್ಬಿಟ್ಟೈತೆ!" ಕಲ್ಯಾಣಮ್ಮ ಅದಕ್ಕೆ ಅವರ ಹೆಸರು ಹೇಳಿದರು. ಅಮ್ಮ ನಮ್ಮ ಹೆಸರು ಹೇಳಿದಳು. ಇಬ್ಬರೂ ತಮ್ಮ ಹೆಸರನ್ನು ಬಿಟ್ಟುಕೊಡಲಿಲ್ಲ. ಸೊಪ್ಪನ್ನು ಮಾತ್ರ ಅರ್ಧ ಅರ್ಧ ಹಂಚಿಕೊಂಡರು.

ಆ ಸಂಜೆ ಅಮ್ಮ ತಂದಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ, ಆ ಸೊಪ್ಪಿನ ಬಸ್ಸಾರು. ನೀಲಿ ಮೀನಿನ ಮೇಲೆ ಮುದ್ದೆ ಕೂತಾಗ ಬೆಳ್ಳನೆಯ ತಟ್ಟೆಯಲ್ಲಿ ಗ್ರಹಣ ಹಿಡಿದಂತಿತ್ತು. ಕಲ್ಯಾಣಮ್ಮ ನಮ್ಮ ಬಾಗಿಲ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟು ಅಗಿದರು. ಅಗಿದರು. ಮತ್ತೂ ಅಗಿದರು.

"ಅಗೀಬೇಡ್ರೀ! ನುಂಗ್ರೀ, ನುಂಗ್ರೀ!" ಅಮ್ಮ ಗಂಟಲು ತೋರಿಸುತ್ತಾ ಕುಣಿದಾಡಿದಳು. ಕಾಫಿ ಅಂಗಡಿಯವರೆಲ್ಲ ಎದ್ದು ನಿಂತರು. ಕಲ್ಯಾಣಮ್ಮ ಕಣ್ಣು ಮುಚ್ಚಿ ಗುಟುಕ್ಕನೆ ನುಂಗಿ, ಕಣ್ಣು ಬಿಟ್ಟು, ಇನ್ನೊಂದು ತುತ್ತು ಮುರಿದರು. ಬೀದಿಯಲ್ಲಿ ಚಪ್ಪಾಳೆ! ನಾನು ಗೆದ್ದ ಯಾವ ಫೈನಲ್ಲಿಗೂ ಅಂಥ ಚಪ್ಪಾಳೆ ಬಿದ್ದಿಲ್ಲ. ಎದ್ದು ಹೋಗುವಾಗ ಅವರು ನನ್ನ ಕೆನ್ನೆ ಹಿಡಿದು ಮೂರು ಸಲ "ಫ್ತು ಫ್ತು ಫ್ತು" ಎಂದು ಉಗಿದಂತೆ ಮಾಡಿದರು. ನಾನು ಬೆಚ್ಚಿದೆ. ಅಮ್ಮನಿಗೆ ಪರಮಾನಂದ. "ದೃಷ್ಟಿ ತೆಗುದ್ಲು ಕಣೇ! ಎಷ್ಟ್ ಬಲವಾಗ್ ತೆಗುದ್ಲು ನೋಡು." ದೃಷ್ಟಿ ಎಂಬುದೇ ಇಲ್ಲ ಎಂದು ಎರಡು ಭಾಷೆಯಲ್ಲಿ ಟ್ರೋಫಿ ಗೆದ್ದವಳು ನಾನು. ಕೆನ್ನೆ ಒರೆಸಿಕೊಳ್ಳಲಿಲ್ಲ. ಸೌಜನ್ಯಕ್ಕೆ.

ಈ ನಡುವೆ ನಾನು ಕಡೆ ಬದಲಾಯಿಸಿದ್ದೆ. ಸೋಲುವ ತಂಡದಲ್ಲಿ ಕೂತಿದ್ದೇನೆ ಎಂದು ಗೊತ್ತಾದ ಮೇಲೆ ಅಲ್ಲೇ ಕೂರುವುದು ನಿಷ್ಠೆಯಲ್ಲ, ಸೋಮಾರಿತನ. ಆಚಾರ ಸರಿಯೋ ತಪ್ಪೋ, ಆಟವಂತೂ ನಡೆಯುತ್ತಿದೆ. ಆಟವೆಂದ ಮೇಲೆ ಕೊನೆಯ ಮಾತು ನಮ್ಮದಾಗಬೇಕು. ಅಮ್ಮನ ಚಿಂತೆ ಬೇರೆ. ಇನ್ನೊಬ್ಬರ ಪಾತ್ರೆ ಇಟ್ಟುಕೊಂಡು ಊರು ಬಿಡಬಾರದು, ಬರಿದಾಗಿಯೂ ಕೊಡಬಾರದು. ಒಂದು ಸಲ ನಾನು ಕಳೆದ ಮಾನವನ್ನು ಹೊರಡುವ ಮುಂಚೆ ಪೂರ್ತಿ ಸರಿಮಾಡಿ ಹೋಗಬೇಕು.

"ಉಪಾಯ ಇದೆ," ಎಂದೆ. "ದೋಣಿ ಬರೋದು ಇಳಿಹೊತ್ತು. ಅದಕ್ಕೆ ಮುಂಚೆ ಊರೆಲ್ಲ ಮಲಗಿರತ್ತೆ. ತಟ್ಟೆ ತುಂಬಿಸಿ ಸದ್ದಿಲ್ಲದೆ ಅವರ ಬಾಗಿಲಲ್ಲಿಟ್ಟು ಕೆಳಗಿಳಿದುಬಿಡೋಣ. ಸಮಯ ಮುಗಿದ ಮೇಲೆ ಎದುರು ತಂಡಕ್ಕೆ ಮಾತಾಡೋ ಹಕ್ಕಿಲ್ಲ."

ಅಮ್ಮನ ಕಣ್ಣು ಮಿಂಚಿತು. "ನಿನ್ ಓದು ಸಾರ್ಥಕ ಆಯ್ತು ಕಣೇ."

ಹೊರಡುವ ದಿನ ಮಧ್ಯಾಹ್ನ ಚೀಲ ಬಿಚ್ಚಿದೆವು. ಏನೂ ಇಲ್ಲ. ಹಿಟ್ಟು ಮುದ್ದೆಗೆ ಹೋಗಿತ್ತು, ತಿಂಡಿಗಳೆಲ್ಲ ಬೀದಿ ದಾಟಿದ್ದವು. ಅಂಗಡಿ ಮಲಗಿತ್ತು. ಕೋಣೆಯಲ್ಲಿ ಯಜಮಾನ ಇಟ್ಟಿದ್ದ ಸಕ್ಕರೆ ಡಬ್ಬಿ ಒಂದಿತ್ತು.

"ಅಜ್ಜಿ ಹಾಕ್ತಿದ್ಳಲ್ಲ, ನಾಲ್ಕು ಕಾಳು ಸಕ್ಕರೆ," ಎಂದೆ.

"ಅವ್ರೂರ್ ಸಕ್ರೆ ಅವ್ರಿಗೇ ಕೊಡಾದಾ? ನಮ್ಮನೇದ್ ಆಗ್ಬೇಕು." ಅಮ್ಮ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಒಂದು ಸೇಫ್ಟಿ ಪಿನ್ನು ಬಿತ್ತು. ಹಾಸಿಗೆ ಅಂಚಿನಲ್ಲಿ ಕೂತುಬಿಟ್ಟಳು. ತೊಡೆಯ ಮೇಲೆ ಬರಿದಾದ ತಟ್ಟೆ. ವಾರವಿಡೀ ನೋಡಿದ ಮುಖವಲ್ಲ ಅದು. ಸಮುದ್ರ ದಾಟಿ ಬಂದು, ಗುಡ್ಡ ಹತ್ತಿ, ಒಬ್ಬ ಗೆಳತಿಯನ್ನು ಮಾಡಿಕೊಂಡ ಹೆಂಗಸು ಒಂದು ಹಿಡಿ ತಿಂಡಿಗಾಗಿ ಹಾಗೆ ಕೂರುವುದನ್ನು ನೋಡಲಾಗಲಿಲ್ಲ.

ನನ್ನ ಕೈ ಕೋಟಿನ ಜೇಬಿಗೆ ಹೋಯಿತು. ಅಥೆನ್ಸಿನಿಂದ ಹೊರಡುವಾಗ ಮಡಚಿಟ್ಟ ಕೋಟು. ಜೇಬಿನಲ್ಲಿ ಕಾಗದದ ಪೊಟ್ಟಣ. ರಾಬರ್ಟ್‌ಸನ್‌ಪೇಟೆಯ ಕಲ್ಲುಸಕ್ಕರೆ. ಊರು ತಲುಪಿದ ಮಾರನೆಯ ದಿನವೇ ನನಗೊಂದು ದೊಡ್ಡ ಸ್ಪರ್ಧೆ ಇತ್ತು, ಅದಕ್ಕೆಂದು ಉಳಿಸಿಕೊಂಡಿದ್ದು. ಪೊಟ್ಟಣ ಬಿಚ್ಚಿ ಎಲ್ಲವನ್ನೂ ಮೀನಿನ ಮೇಲೆ ಸುರಿದೆ. ಹರಳುಗಳು ಟಣಟಣ ಅಂದವು.

ಅಮ್ಮ ತಟ್ಟೆ ನೋಡಿದಳು, ನನ್ನನ್ನು ನೋಡಿದಳು. "ಗಂಟ್ಲು?"

"ಅದು ಮೂಢನಂಬಿಕೆ," ಎಂದೆ.

ಬಟ್ಟೆ ಮುಚ್ಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳರಂತೆ ಬೀದಿ ದಾಟಿ ತುಳಸಿಯ ದಾಯಾದಿಯ ಪಕ್ಕ ತಟ್ಟೆ ಇಟ್ಟೆವು. ಒಂದು ಬೆಕ್ಕು ಮಾತ್ರ ನೋಡಿತು. ಅಡ್ಡ ಬರಲಿಲ್ಲ. ಮೆಟ್ಟಿಲಿಳಿದು ಬಂದರಿಗೆ ಬಂದಾಗ ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ. ಅಮ್ಮನಂತೂ ಸೆರಗು ಬಾಯಿಗಿಟ್ಟುಕೊಂಡು ಶಾಲೆ ತಪ್ಪಿಸಿದ ಹುಡುಗಿಯಂತೆ ಕುಲುಕಿದಳು. ದೋಣಿ ಬಂತು. ಹಿಂಬದಿಯ ಕಬ್ಬಿಣದ ಬಾಗಿಲು ಧಡಕ್ಕನೆ ದಡಕ್ಕೆ ಬಿತ್ತು. ಚೀಲಗಳನ್ನು ಎಳೆದುಕೊಂಡು ಹತ್ತಿದೆವು. ಗೆದ್ದೆವು.

ಆಗ ಮೇಲಿನಿಂದ ಗದ್ದಲ. ತಿರುಗಿ ನೋಡಿದರೆ ಮೆಟ್ಟಿಲುಗಳ ಮೇಲೆ ಕಪ್ಪು ಲಂಗ ಹಾರಿಕೊಂಡು ಬರುತ್ತಿದೆ. ಹಿಂದೆ ಕಾಫಿ ಅಂಗಡಿಯ ಅಷ್ಟೂ ಗಂಡಸರು, ನಿದ್ದೆಗಣ್ಣಿನಲ್ಲಿ, ಒಬ್ಬನ ಕಾಲಿಗೆ ಒಂದೇ ಚಪ್ಪಲಿ. ಕಲ್ಯಾಣಮ್ಮನ ಕೈಯಲ್ಲಿ ಬಟ್ಟೆ ಬಿಗಿದ ತಟ್ಟೆ! ದೋಣಿಯವನು ಸರಪಳಿ ಎಳೆಯುತ್ತಿದ್ದಾನೆ, ಗಂಡಸರೆಲ್ಲ ಕೂಗಿ ಅವನನ್ನು ನಿಲ್ಲಿಸಿದರು. ಕಲ್ಯಾಣಮ್ಮ ಕಬ್ಬಿಣದ ಬಾಗಿಲ ತುದಿಗೆ ಬಂದು ತಟ್ಟೆಯನ್ನು ಅಮ್ಮನ ಕೈಗೆ ತುರುಕಿದರು. ಅವರ ಒಂದು ಕೆನ್ನೆ ಉಬ್ಬಿತ್ತು. ನನ್ನ ಕಡೆ ತಿರುಗಿ ನಾಲಿಗೆಯ ತುದಿಯಲ್ಲಿ ತೋರಿಸಿದರು: ನನ್ನ ಕಲ್ಲುಸಕ್ಕರೆ.

"ಬ್ಯಾಡ, ಬ್ಯಾಡ! ತ್ಚ್! ತಗೊಳ್ರೀ!" ಅಮ್ಮ ತಟ್ಟೆ ಚಾಚಿದಳು. ಅವರು ಹಿಂದೆ ಸರಿದು ದಡದ ಮೇಲೆ ನಿಂತರು. ಬಾಗಿಲು ಏಳತೊಡಗಿತು. ನಡುವೆ ನೀರು ಬಂತು.

"ತ್ಚ್!" ಅಂದಳು ಅಮ್ಮ ಇತ್ತಲಿಂದ.

ಅತ್ತ ಕಲ್ಯಾಣಮ್ಮ ನಿಧಾನವಾಗಿ ಗದ್ದ ಮೇಲೆತ್ತಿದರು. "ತ್ಚ್."

ದಡದಲ್ಲಿ ಚಪ್ಪಾಳೆ.

ಬಟ್ಟೆ ಬಿಚ್ಚಿದರೆ ಮೊದಲ ಸಂಜೆ ಕೊಟ್ಟ ಅದೇ ಎಳ್ಳುಬಿಲ್ಲೆಗಳು, ಮೇಲೊಂದು ಕುಡಿ ಆ ತುಳಸಿಯದ್ದು. ಅಮ್ಮ ದ್ವೀಪ ಮರೆಯಾಗುವವರೆಗೆ ಕೈ ಬೀಸಿದಳು. ಆಮೇಲೆ ಕುಡಿಯನ್ನು ಮುಡಿಗೆ ಸಿಕ್ಕಿಸಿಕೊಂಡು, "ಎದ್ದೇ ಇದ್ಲು ಕಣೇ ಮುದ್ಕಿ. ಕಿಟ್ಕೀಲಿ ನೋಡ್ಕೊಂಡೇ ಇದ್ಲು," ಎಂದು ಶುರುವಾದ ನಗು ಅಥೆನ್ಸಿನವರೆಗೂ ನಿಲ್ಲಲಿಲ್ಲ.

ಊರಿಗೆ ಬಂದ ಮಾರನೆಯ ದಿನದ ಸ್ಪರ್ಧೆಯಲ್ಲಿ ಖಾಲಿ ಬಾಯಲ್ಲೇ ಮಾತಾಡಿದೆ. ಗೆದ್ದೆ. ಒಂದು ಸಲದ ಪುರಾವೆ ಪುರಾವೆಯಲ್ಲ. ಆದ್ದರಿಂದ ಮುಂದಿನ ವಾರ ಮತ್ತೆ ಕಲ್ಲುಸಕ್ಕರೆ ತಂದೆ. ಅಮ್ಮ ಪೊಟ್ಟಣ ಕಸಿದು ತಟ್ಟೆಗೆ ಸುರಿದಳು. "ಬರಿದು ಇಡಬಾರ್ದು," ಎಂದಳು. ಅಂದಿನಿಂದ ಹಾಗೆಯೇ.

ತಟ್ಟೆಯನ್ನು ಕೊರಿಯರ್ ಮಾಡೋಣ ಎಂದೆ, ಎಷ್ಟೋ ಸಲ. "ಕೊರಿಯರ್ನೋನು ತುಂಬಿದ್ ತಟ್ಟೇನ ಅಡ್ಡ ಇಡ್ಕೊಂಡ್ ಓಯ್ತಾನೆ, ಚೆಲ್ಲೋಯ್ತದೆ. ಕೈಯಾರೆ ಕೊಡ್ಬೇಕು," ಅನ್ನುತ್ತಾಳೆ. ಅಷ್ಟೇ ಅಲ್ಲ, ಈ ಬೇಸಿಗೆಯಲ್ಲಿ ಮಾಳಿಗೆ ಹತ್ತಿ ಸಂಡಿಗೆ ಇಟ್ಟಿದ್ದಾಳೆ, ಎರಡು ಭರಣಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ದಾಳೆ. ಒಂದು ನಮ್ಮದು. ಇನ್ನೊಂದನ್ನು ಮುಟ್ಟಿದರೆ ಕೈ ಮೇಲೆ ಏಟು.

ಮೊನ್ನೆ ಊಟಕ್ಕೆ ಕೂತಾಗ ನಾನೇ ಹೇಳಿದೆ, ದೊಡ್ಡ ಮನಸ್ಸು ಮಾಡಿ: "ಆಯ್ತಮ್ಮ, ಮತ್ತೆ ಹೋಗೋಣ. ನಾನು ಕರ್ಕೊಂಡು ಹೋಗ್ತೀನಿ."

ಅಪ್ಪ ಮುದ್ದೆ ಮುರಿಯುತ್ತಾ ತಲೆ ಎತ್ತಲಿಲ್ಲ. "ನೀನ್ಯಾಕೆ? ನಂದೂ ಪಾಸ್‌ಪೋರ್ಟ್ ಬಂತು ಕಣಮ್ಮ. ನಿಮ್ಮಮ್ಮ್ನೂ ನಾನೂ ಓಗ್ಬತ್ತೀವಿ."

"ಮತ್ತೆ ರಾಣಿ? ಹಾಲು ಯಾರು ಕರೀತಾರೆ?"

ಇಬ್ಬರೂ ನನ್ನನ್ನೇ ನೋಡಿದರು.

ಹಾಗಾಗಿ ಈಗ ದಿನಾ ಬೆಳಿಗ್ಗೆ ಚೊಂಬು ಹಿಡಿದು ರಾಣಿಯ ಪಕ್ಕ ಕೂರುತ್ತಿದ್ದೇನೆ, ಬಾಯಲ್ಲಿ ಒಂದು ಚೂರು ಕಲ್ಲುಸಕ್ಕರೆ ಇಟ್ಟುಕೊಂಡು. ನಯವಾಗಿ ವಿಷಯ ಮಂಡಿಸುತ್ತೇನೆ: ಬರೀ ಚೊಂಬು ಒಳಗೆ ತೆಗೆದುಕೊಂಡು ಹೋಗುವಂತಿಲ್ಲ ತಾಯಿ, ನಾಲ್ಕು ಹನಿಯಾದರೂ ಹಾಕು. ರಾಣಿ ಮೇವು ಮೆಲ್ಲುವುದನ್ನು ನಿಲ್ಲಿಸಿ, ಕತ್ತು ತಿರುಗಿಸಿ ನನ್ನನ್ನು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಆಮೇಲೆ ನಿಧಾನವಾಗಿ ಗದ್ದ ಮೇಲೆತ್ತುತ್ತಾಳೆ.